ಕಿಟಕಿ ಸೀಟು ಸರಿ, ಯಾವ ಬದಿಯದು?

ದೂರದ ವಿಮಾನಕ್ಕೆ ಸೀಟು ಆರಿಸುವಾಗ ನಾನು ಮೊದಲು ಲೆಕ್ಕ ಹಾಕುವುದು ಒಂದೇ. ದಾರಿಯುದ್ದಕ್ಕೂ ಸೂರ್ಯ ಯಾವ ಕಡೆ ಇರುತ್ತಾನೆ? ಅದರ ಎದುರು ಬದಿಯ ಕಿಟಕಿ ನನಗೆ ಬೇಕು. ಮೊದಮೊದಲು ಇದು ಗೊತ್ತಿರಲಿಲ್ಲ. ಬಿಸಿಲಿನ ಕಡೆ ಕೂತು, ಕಣ್ಣು ಕುಕ್ಕುತ್ತದೆ ಅಂತ ಪರದೆ ಎಳೆದು, ಹತ್ತು ಗಂಟೆ ಏನೂ ನೋಡದೆ ಇಳಿದಿದ್ದೇನೆ. ಆ ಹತ್ತು ಗಂಟೆ ನೆನೆದರೆ ಈಗಲೂ ಬೇಜಾರಾಗುತ್ತದೆ.

ರೆಕ್ಕೆಗಿಂತ ಮುಂದಿನ ಸಾಲು ಸಿಕ್ಕರೆ ಇನ್ನೂ ಒಳ್ಳೆಯದು. ಹಿಂದೆ ಕೂತರೆ ಎಂಜಿನ್ನಿನ ಬಿಸಿಗಾಳಿಯಲ್ಲಿ ನೆಲವೆಲ್ಲ ನಡುಗಿದ ಹಾಗೆ ಮಸುಕಾಗಿ ಕಾಣುತ್ತದೆ.

ನೆರಳಿನ ಬದಿಯಲ್ಲಿ ನಾನು ಹುಡುಕುವುದು ವಿಮಾನದ ನೆರಳನ್ನೇ. ಕೆಳಗೆ ಮೋಡ ಹತ್ತಿರ ಇದ್ದರೆ ಪುಟ್ಟ ವಿಮಾನದ ಆಕಾರ ಅದರ ಮೇಲೆ ಓಡುತ್ತಿರುತ್ತದೆ. ಅದರ ಸುತ್ತ ಬಣ್ಣದ ಬಳೆಗಳು, ಹೊರಗಡೆ ಕೆಂಪು, ಒಳಗಡೆ ನೀಲಿ. ಇದಕ್ಕೆ ಗ್ಲೋರಿ ಅನ್ನುತ್ತಾರೆ. ಮೋಡದ ಸಣ್ಣ ನೀರಹನಿಗಳು ಬೆಳಕನ್ನು ಬಂದ ದಾರಿಗೇ ತಿರುಗಿಸುವುದರಿಂದ ಇದು ಮೂಡುತ್ತದೆ. ಮೋಡ ದೂರವಾದ ಹಾಗೆ ನೆರಳು ಕರಗಿಹೋಗುತ್ತದೆ, ಬಳೆ ಮಾತ್ರ ಉಳಿಯುತ್ತದೆ. ಒಮ್ಮೆ ಸುಮ್ನೆ ನೋಡುತ್ತಾ ಕೂತಿದ್ದೆ. ಅಗಲವಾಗಿದ್ದ ಬಳೆ ಮುಂದಿನ ಮೋಡದ ಮೇಲೆ ಕುಗ್ಗಿತು, ಆಮೇಲೆ ಮತ್ತೆ ಹಿಗ್ಗಿತು. ಹನಿ ದೊಡ್ಡದಾದರೆ ಬಳೆ ಚಿಕ್ಕದು! ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಕೂತು ಮೋಡದ ಹನಿಯ ಗಾತ್ರ ಓದಬಹುದು, ಅಲ್ವಾ? ಇನ್ನೊಂದು ಸಂಗತಿ ನನಗೆ ತುಂಬಾ ಇಷ್ಟ. ನೆರಳು ಸ್ಪಷ್ಟವಾಗಿದ್ದಾಗ ಬಳೆಯ ನಡುವನ್ನು ಗಮನಿಸಿ. ಅದು ವಿಮಾನದ ಮಧ್ಯಕ್ಕಲ್ಲ, ನೀವು ಕೂತ ಸೀಟಿನ ಜಾಗಕ್ಕೇ ಸರಿಯಾಗಿರುತ್ತದೆ. ಪ್ರತಿಯೊಬ್ಬರಿಗೂ ಅವರವರದೇ ಬಳೆ.

ಕಿಟಕಿಯ ಕೆಳಭಾಗದಲ್ಲಿ ಸೂಜಿಮೊನೆಯಷ್ಟು ತೂತು ಇರುತ್ತದೆ. ಪದರಗಳ ನಡುವಿನ ಗಾಳಿಯ ಒತ್ತಡ ಸರಿದೂಗಿಸಲು ಅದು. ಹೊರಗೆ ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗಿನ ಚಳಿ ಇರುವುದರಿಂದ ತೂತಿನ ಸುತ್ತ ಮಂಜಿನ ಹರಳು ಹೂವಿನ ಹಾಗೆ ಬೆಳೆಯುತ್ತದೆ. ಮೋಡ ಮುಚ್ಚಿ ಏನೂ ಕಾಣದಾಗ ನಾನು ಅದನ್ನೇ ನೋಡುತ್ತೇನೆ.

ಉತ್ತರಕ್ಕೋ ದಕ್ಷಿಣಕ್ಕೋ ಹಾರುವಾಗ ಸಂಜೆಗೆ ಪೂರ್ವದ ಕಿಟಕಿಯೇ ಮೇಲು. ಎಲ್ಲರೂ ಸೂರ್ಯ ಮುಳುಗುವ ಕಡೆ ಕತ್ತು ಚಾಚುತ್ತಾರೆ. ಈ ಕಡೆ ದಿಗಂತದಿಂದ ಬೂದುನೀಲಿ ಪಟ್ಟಿಯೊಂದು ಏಳುತ್ತದೆ, ಅದರ ಮೇಲೆ ತಿಳಿಗುಲಾಬಿ. ಆ ಪಟ್ಟಿ ಭೂಮಿಯದೇ ನೆರಳು. ಇನ್ನು 60 ಡಿಗ್ರಿ ಅಕ್ಷಾಂಶದ ಹತ್ತಿರ ಪಶ್ಚಿಮಕ್ಕೆ ಹಾರಿದರೆ ಸಂಜೆ ಮುಗಿಯುವುದೇ ಇಲ್ಲ. ಅಲ್ಲಿ ನೆಲ ಗಂಟೆಗೆ ಸುಮಾರು 835 ಕಿಲೋಮೀಟರ್ ವೇಗದಲ್ಲಿ ತಿರುಗುತ್ತದೆ, ವಿಮಾನವೂ ಹೆಚ್ಚುಕಡಿಮೆ ಅದೇ ವೇಗ.

ರಾತ್ರಿ ಗ್ರೀನ್‌ಲ್ಯಾಂಡ್ ಕಡೆ ಹೋಗುವ ದಾರಿಯಾದರೆ ಉತ್ತರದ ಕಿಟಕಿ ಹಿಡಿಯಿರಿ. ಒಳಗಿನ ದೀಪ ಗಾಜಿನಲ್ಲಿ ಕಾಣದಿರಲಿ ಅಂತ ಕಂಬಳಿಯನ್ನು ತಲೆಯ ಮೇಲಿಂದ ಕಿಟಕಿಗೆ ಹೊದಿಸಿಕೊಳ್ಳುತ್ತೇನೆ. ಕಣ್ಣು ಕತ್ತಲಿಗೆ ಹೊಂದಲು ಇಪ್ಪತ್ತು ನಿಮಿಷ ಬೇಕು, ಫೋನ್ ಮುಟ್ಟಬಾರದು. ಒಂದು ಸಲ ತೆಳುಮೋಡ ಅಂದುಕೊಂಡಿದ್ದೆ. ಅದು ಮೆಲ್ಲಗೆ ಹಸಿರಾಗಿ ಪರದೆಯಂತೆ ಅಲುಗಿತು. ಧ್ರುವಪ್ರಭೆ! ಪಕ್ಕದಲ್ಲಿ ಎಚ್ಚರವಾಗಿದ್ದ ಅಜ್ಜಿಗೆ ತೋರಿಸಿದೆ. "ಮಿಂಚಾ?" ಅಂದರು. ಅಲ್ಲ ಅಂದೆ. ಸೀಟು ಅದಲುಬದಲು ಮಾಡಿಕೊಂಡೆವು. ಅದು ಆರುವ ತನಕ ಅವರು ಕಂಬಳಿಯಿಂದ ತಲೆ ಹೊರಗೆ ತೆಗೆಯಲಿಲ್ಲ.