ಬೆಳಿಗ್ಗೆ ಸ್ಟಾರ್ಟ್ ಹೊಡೆದ್ರೆ ಆಯಿಲ್ ಅಲಾರಂ, ತಪ್ಪು ಇದ್ದಿದ್ದು ಫಿಲ್ಟರ್‌ನಲ್ಲಿ

ಮಲ್ಪೆಲಿರೋ ನಮ್ಮ ಬೋಟಿನ 150 ಎಚ್‌ಪಿ ಫೋರ್‌ಸ್ಟ್ರೋಕ್ ಔಟ್‌ಬೋರ್ಡ್, ಅಂದ್ರೆ ಬೋಟಿನ ಹಿಂದೆ ಹೊರಗಡೆ ಕೂರಿಸೋ ಮೋಟರ್, ರಾತ್ರಿ ನಿಲ್ಸಿ ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಐದಾರು ಸೆಕೆಂಡ್ ಆಯಿಲ್ ಪ್ರೆಶರ್ ಅಲಾರಂ ಕೂಗಿ ಸುಮ್ನಾಗ್ತಿತ್ತು, ಜೊತೆಗೆ ಮೇಲ್ಗಡೆ ಟಕಟಕ ಸದ್ದು. ಬಿಸಿ ಇದ್ದಾಗ ಏನೂ ಇಲ್ಲ.

ಅಲಾರಂ ಹೊಡೆಸೋ ಪ್ರೆಶರ್ ಸ್ವಿಚ್ ಬದಲಾಯಿಸ್ದೆ, ಅದೇ ಕತೆ. ಕಾರಿನ 20ಡಬ್ಲ್ಯೂ-50 ಹಾಕ್ದೆ, ಅಲಾರಂ ಇನ್ನೂ ಜಾಸ್ತಿ ಹೊತ್ತು, ದಪ್ಪ ಆಯಿಲ್ ಮೇಲೆ ಹತ್ತೋದೇ ನಿಧಾನ. ಲೆವೆಲ್ ಮೀರಿ ತುಂಬಿಸಿದ್ದಂತೂ ದಡ್ಡತನ.

ಕೊನೆಗೆ ಫಿಲ್ಟರ್ ಬಿಚ್ಚಿ ಹ್ಯಾಕ್ಸಾದಲ್ಲಿ ಕೊಯ್ದೆ. ಥ್ರೆಡ್ ಕೂತ್ಕೊಳ್ತು ಅಂತ ಹಾಕಿದ್ದ ಅಗ್ಗದ ಕಾರ್ ಫಿಲ್ಟರ್ ಅದು. ಒಳಗೆ ಆಂಟಿ-ಡ್ರೈನ್‌ಬ್ಯಾಕ್ ವಾಲ್ವ್, ಅಂದ್ರೆ ತೂತು ಮುಚ್ಚೋ ರಬ್ಬರ್ ಬಿಲ್ಲೆ, ಹಪ್ಪಳದ ಹಾಗೆ ಗಟ್ಟಿಯಾಗಿ ಅಂಚು ಎದ್ದಿತ್ತು. ನಮ್ಮ ಎಂಜಿನ್ನಲ್ಲಿ ಫಿಲ್ಟರ್ ಅಡ್ಡ ಕೂರೋದ್ರಿಂದ ರಾತ್ರಿ ಫಿಲ್ಟರ್‌ನಲ್ಲಿದ್ದ ಆಯಿಲೆಲ್ಲಾ ಕೆಳಗೆ ಇಳೀತಿತ್ತು, ಬೆಳಿಗ್ಗೆ ಅದು ಮತ್ತೆ ತುಂಬೋ ತನಕ ಪ್ರೆಶರ್ ಇಲ್ದೆ ಅಲಾರಂ.

ಈಗ ಮ್ಯಾನುವಲ್‌ನಲ್ಲಿರೋ ಪಾರ್ಟ್ ನಂಬರಿನದ್ದೇ ಫಿಲ್ಟರ್, ಎಫ್‌ಸಿ-ಡಬ್ಲ್ಯೂ ಮಾರ್ಕಿನ, ಅಂದ್ರೆ ಬೋಟಿನ ಫೋರ್‌ಸ್ಟ್ರೋಕ್ ಎಂಜಿನ್‌ಗೆ ಅಂತಲೇ ಪಾಸಾದ 10ಡಬ್ಲ್ಯೂ-30 ಆಯಿಲ್, ಅದಕ್ಕೆ ತುಕ್ಕಿನ ಟೆಸ್ಟೂ ಆಗಿರುತ್ತೆ. ಕೂಲಿಂಗ್‌ಗೆ ನೀರು ಕೊಟ್ಟು ಎಂಜಿನ್ ಬಿಸಿ ಮಾಡಿ, ನಿಲ್ಸಿ, ಆಯಿಲ್ ಇಳಿಸಿ, ಹಳೇ ರಬ್ಬರ್ ರಿಂಗ್ ಎಂಜಿನ್‌ಗೇ ಅಂಟ್ಕೊಂಡಿಲ್ಲ ಅಂತ ಬೆರಳಲ್ಲಿ ಮುಟ್ಟಿ ನೋಡಿ, ಹೊಸ ರಿಂಗಿಗೆ ಆಯಿಲ್ ಸವರಿ, ರಿಂಗ್ ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು. ಆಯಿಲ್ ತುಂಬಿಸಿ, ಮೋಟರ್ ನೆಟ್ಟಗಿಟ್ಟು ಸ್ವಲ್ಪ ಹೊತ್ತು ಓಡಿಸಿ, ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡ್ದೆ. ಮಾರನೇ ಬೆಳಿಗ್ಗೆ ಬೀಪ್ ಇಲ್ಲ.