ತಣ್ಣೀರಲ್ಲಿ ಇಳಿದ ಡಿಕಾಕ್ಷನ್

ಹೋದ ಏಪ್ರಿಲ್‌ನಲ್ಲಿ ಕೊಪ್ಪದಿಂದ ಚಿಕ್ಕಪ್ಪ ಬಂದಿದ್ದರು. ದಾವಣಗೆರೆಯ ಬಿಸಿಲು, ಮಧ್ಯಾಹ್ನ ಮೂರು ಗಂಟೆ. ಬಿಸಿ ಕಾಫಿ ಬೇಡ ಅಂದರು. ಫ್ರಿಜ್‌ನಿಂದ ಸ್ಟೀಲ್ ಡಬ್ಬಿ ತೆಗೆದೆ. ಅರ್ಧ ಲೋಟ ಡಿಕಾಕ್ಷನ್, ಅರ್ಧ ಲೋಟ ತಣ್ಣನೆ ಹಾಲು, ಒಂದು ಚಮಚ ಬೆಲ್ಲದ ಪಾಕ. ಕುಡಿದು ಮುಗಿಸಿ, ಏನೂ ಹೇಳದೆ ಲೋಟ ಮತ್ತೆ ಮುಂದೆ ಚಾಚಿದರು.

ಎರಡು ವರ್ಷದ ಹಿಂದೆ ಇದೇ ಚಿಕ್ಕಪ್ಪ, "ತಣ್ಣೀರಲ್ಲಿ ಕಾಫಿ ಇಳಿಯುತ್ತೇನೇ? ಅದು ಪುಡಿ ತೊಳೆದ ನೀರು ಅಷ್ಟೇ" ಅಂದಿದ್ದರು. ನಲವತ್ತು ವರ್ಷದಿಂದ ಕಾಫಿ ಬೆಳೆಯುವವರು. ಅವರಿಗೆ ಎದುರು ಹೇಳಲು ನನ್ನ ಹತ್ತಿರ ಆಗ ಏನೂ ಇರಲಿಲ್ಲ. ಈಗ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ಕೋಲ್ಡ್ ಬ್ರೂ ಅಂದರೆ ಕಾಫಿ ಪುಡಿಯನ್ನು ತಣ್ಣೀರಲ್ಲಿ ಗಂಟೆಗಟ್ಟಲೆ ನೆನೆಸಿ ಸೋಸಿದ ಡಿಕಾಕ್ಷನ್, ಅದಕ್ಕಿಂತ ಹೆಚ್ಚು ವಿವರಿಸಲ್ಲ. ಮನೆಗೆ ಯಾವ ಪಾತ್ರೆ ತರಬೇಕು ಅನ್ನುವುದು ಮಾತ್ರ ನನ್ನ ವಿಷಯ. ಅದು ಗೊತ್ತಾಗುವ ಹೊತ್ತಿಗೆ 7,000 ರೂಪಾಯಿ ಮೇಲೆ ಖರ್ಚಾಗಿತ್ತು.

ಮೊದಲು ತಂದದ್ದು ಗಾಜಿನ ಜಾರ್. ಮಧ್ಯದಲ್ಲಿ ಸ್ಟೀಲ್ ಜಾಲರಿಯ ಉದ್ದನೆ ಕೊಳವೆ, ಅದರಲ್ಲಿ ಪುಡಿ ಹಾಕಿ ನೀರು ತುಂಬಿಸುವುದು. ಸುಮಾರು 1,400 ರೂಪಾಯಿ. ನೋಡೋಕೆ ಚೆಂದ. ಬೆಳಿಗ್ಗೆ ನೋಡಿದರೆ ಜಾರಿನ ತಳದಲ್ಲಿ ಒಂದು ಬೆರಳು ಗಸಿ. ಮೇಲಿನ ನೀರು ತೆಳ್ಳಗೆ, ಕೆಳಗಿನದು ಕೆಸರು. ಕೊಳವೆಯ ನಡುವಿನ ಪುಡಿ ಸರಿಯಾಗಿ ನೆನೆದೇ ಇರಲಿಲ್ಲ, ಮುದ್ದೆ ಒಡೆದರೆ ಒಳಗೆ ಒಣ ಒಣ. ಹದಿನೈದು ದಿನ ಆದಮೇಲೆ ಇನ್ನೊಂದು ತೊಂದರೆ ಶುರುವಾಯಿತು. ಜಾಲರಿಯ ತಳದ ಹೊಲಿಗೆಯಲ್ಲಿ ಪುಡಿ ಸಿಕ್ಕಿಕೊಂಡು, ಎಷ್ಟು ತೊಳೆದರೂ ಕಮಟು ವಾಸನೆ. ಕೊಳವೆಯ ಬಾಯಿ ನನ್ನ ಕೈ ಹೋಗುವಷ್ಟು ಅಗಲ ಇರಲಿಲ್ಲ.

ಆಮೇಲೆ ಫ್ರೆಂಚ್ ಪ್ರೆಸ್, ಅಂದರೆ ಪುಡಿ ನೆನೆಸಿ ಮೇಲಿಂದ ಜಾಲರಿ ಒತ್ತಿ ಸೋಸುವ ಗಾಜಿನ ಪಾತ್ರೆ, 1,100 ಇರಬೇಕು. 600 ಎಂಎಲ್ ಅಂತ ಬರೆದಿತ್ತು. ಕೈಗೆ ಸಿಗುವುದು 400 ಮಾತ್ರ. ಕಾಫಿ ಪುಡಿ ತನ್ನ ತೂಕದ ಎರಡರಷ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆ, ತಳದಲ್ಲಿ ಗಸಿ ಅಂತ ಒಂದಿಷ್ಟು ಬಿಡಲೇಬೇಕು. ಈ ಲೆಕ್ಕ ಯಾರೂ ಡಬ್ಬದ ಮೇಲೆ ಹಾಕಲ್ಲ. ಒತ್ತುವಾಗ ಗಸಿ ಎದ್ದು ಮತ್ತೆ ಕಲೆಯುತ್ತಿತ್ತು. ಆದರೂ ರುಚಿ ಮೊದಲಿನದಕ್ಕಿಂತ ಮೇಲು, ಯಾಕಂದರೆ ಪುಡಿ ನೀರಲ್ಲಿ ಬಿಡಿಬಿಡಿಯಾಗಿ ನೆನೆಯುತ್ತದೆ. ಇದನ್ನು ಮನಸ್ಸಲ್ಲಿ ಇಟ್ಟುಕೊಂಡೆ. ಮೂರನೇ ತಿಂಗಳು ತೊಳೆಯುವಾಗ ಗಾಜು ಬಿರುಕು ಬಿಟ್ಟಿತು.

ಮೂರನೆಯದೇ ದೊಡ್ಡ ಪೆಟ್ಟು. ಮೇಲಿಂದ ಹನಿ ಹನಿಯಾಗಿ ತಣ್ಣೀರು ಬೀಳುವ ಗೋಪುರ, ಜಪಾನಿನ ಕ್ಯೋಟೊ ಹೆಸರಿನಲ್ಲಿ ಮಾರುತ್ತಾರಲ್ಲ, ಅಂಥದ್ದು. 4,800 ರೂಪಾಯಿ. ನಿಮಿಷಕ್ಕೆ 40 ಹನಿ ಅಂತ ಎಣಿಸಿ ಇಟ್ಟು ಹೋಗುತ್ತಿದ್ದೆ. ಮೇಲಿನ ನೀರು ಕಡಿಮೆಯಾದ ಹಾಗೆ ಒತ್ತಡ ಇಳಿದು ಹನಿಯೂ ನಿಧಾನ. ಗಂಟೆಗೊಮ್ಮೆ ತಿರುಪು ತಿರುಗಿಸಬೇಕು. ಹನಿ ಒಂದೇ ಕಡೆ ಬಿದ್ದು ಪುಡಿಯ ನಡುವೆ ದಾರಿ ಮಾಡಿಕೊಂಡು ಇಳಿದುಬಿಡುತ್ತದೆ, ಅಕ್ಕಪಕ್ಕದ ಪುಡಿ ಹಾಗೇ ಉಳಿಯುತ್ತದೆ. ಪುಡಿಯ ಮೇಲೆ ಒಂದು ಕಾಗದ ಹರಡಿದ ಮೇಲೆ ಅದು ಸರಿಹೋಯಿತು. ಒಳ್ಳೆಯ ದಿನ ಅದರಲ್ಲಿ ಬಂದ ಕಾಫಿ ತುಂಬಾ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆದರೆ ಅದನ್ನು ಕಾಯುತ್ತಾ ಕೂರಲು ಒಬ್ಬರು ಮನೆಯಲ್ಲೇ ಇರಬೇಕು. ಅರ್ಧ ಬೆಲೆಗೆ ಗೆಳತಿಯೊಬ್ಬಳಿಗೆ ಕೊಟ್ಟೆ.

ಇಷ್ಟರ ಮಧ್ಯೆ ಗೊತ್ತಾದದ್ದು ಏನೆಂದರೆ, ಅರ್ಧ ತಪ್ಪು ಪಾತ್ರೆಯದು ಅಲ್ಲವೇ ಅಲ್ಲ, ಪುಡಿಯದು. ನಮ್ಮ ಪೇಟೆಯಲ್ಲಿ ಪುಡಿ ಅಂದರೆ ಹಿತ್ತಾಳೆ ಫಿಲ್ಟರ್‌ಗೆ ಹಾಕುವ ನುಣ್ಣನೆಯದು. ಅಂಗಡಿಯಲ್ಲಿ "ಬನ್ಸಿ ರವೆ ಥರ ಒಡೆದು ಕೊಡಿ" ಅಂದೆ. "ಹಾಗೆ ಮಾಡಿದರೆ ಡಿಕಾಕ್ಷನ್ ಇಳಿಯಲ್ಲ" ಅಂತ ಅವರು ಚಿರೋಟಿ ರವೆ ಮಾಡಿ ಕೊಟ್ಟರು, ಅದೂ ಹಿಂದಿನವರ ಚಿಕೋರಿ ಪುಡಿ ಮಿಷನ್‌ನಲ್ಲಿ ಉಳಿದದ್ದು ಸೇರಿಕೊಂಡು. ಮನೆಯ ಮಿಕ್ಸಿಯಲ್ಲಿ ಹಾಕಿದರೆ ಅರ್ಧ ಧೂಳು, ಅರ್ಧ ತುಂಡು. ರವೆ ಜರಡಿಯಲ್ಲಿ ಜರಡಿ ಹಿಡಿದೆ. ಕಾಲು ಕಿಲೋ ಬೀಜಕ್ಕೆ ಬಳಸುವಂಥದ್ದು ಸಿಕ್ಕಿದ್ದು 100 ಗ್ರಾಂ ಆಸುಪಾಸು. ಉಳಿದ ಧೂಳು ಬೆಳಗಿನ ಬಿಸಿ ಕಾಫಿಗೆ ಹೋಯಿತು, ದಂಡವಾಗಲಿಲ್ಲ. ಕೊನೆಗೆ 2,200 ಕೊಟ್ಟು ಕೈಯಲ್ಲಿ ತಿರುಗಿಸುವ ಗ್ರೈಂಡರ್ ತಂದೆ. ಇಡೀ ಖರ್ಚಿನಲ್ಲಿ ನನಗೆ ಒಂದು ಪೈಸೆಯೂ ವ್ಯರ್ಥ ಅನಿಸದೇ ಇರುವುದು ಇದೊಂದೇ. ಇವತ್ತು ಯಾರಾದರೂ ಪಾತ್ರೆಗೆ 3,000 ಇಟ್ಟುಕೊಂಡಿದ್ದೇನೆ ಅಂದರೆ, 2,000 ಗ್ರೈಂಡರ್‌ಗೆ ಹಾಕಿ ಅಂತಲೇ ಹೇಳುತ್ತೇನೆ.

ಪಾತ್ರೆಯ ಉತ್ತರ ಸಿಕ್ಕಿದ್ದು ತವರಿನಲ್ಲಿ. ಮಲೆನಾಡಿನ ಹಳೆ ಮನೆಗಳಲ್ಲಿ ಬಟ್ಟೆಯಲ್ಲಿ ಸೋಸುವ ಕಾಫಿ ನಿಮಗೂ ನೆನಪಿರಬಹುದು. ತಂತಿಯ ಬಳೆಗೆ ಹೊಲಿದ ಬಟ್ಟೆ ಚೀಲ, ಅಡುಗೆಮನೆಯ ಗೂಟಕ್ಕೆ ನೇತುಹಾಕಿರುತ್ತಿತ್ತು, ಕಾಫಿ ಕುಡಿದು ಕುಡಿದು ಕಂದು ಬಣ್ಣ. ಅಜ್ಜಿಯ ಕಾಫಿಯಲ್ಲಿ ಒಂದು ಚೂರು ಗಷ್ಟು ಇರುತ್ತಿರಲಿಲ್ಲ. ದೀಪಾವಳಿಗೆ ಹೋದಾಗ ಆ ಖಾಲಿ ಗೂಟ ನೋಡಿ ಹೊಳೆಯಿತು. ಅಮೆರಿಕದಲ್ಲಿ 1964ರಲ್ಲಿ ಟಾಡ್ ಸಿಂಪ್ಸನ್ ಶುರುಮಾಡಿದ ಟಾಡಿ ಅನ್ನುವ ಹೆಸರಾಂತ ಕೋಲ್ಡ್ ಬ್ರೂ ಸಾಧನದಲ್ಲೂ ಸೋಸುವುದು ಜಾಲರಿಯಲ್ಲ, ದಪ್ಪ ಫೆಲ್ಟ್, ಅಂದರೆ ನಾರು ಒತ್ತಿ ಮಾಡಿದ ಬಟ್ಟೆ. ಅಂದರೆ ಅಜ್ಜಿಯ ದಾರಿ ಸರಿಯೇ ಇತ್ತು.

ಈಗ ನನ್ನ ಸಾಧನ ಇಷ್ಟೇ: ಮುಚ್ಚಳ ಗಟ್ಟಿಯಾಗಿ ಕೂರುವ ಅಗಲ ಬಾಯಿಯ ಸ್ಟೀಲ್ ಡಬ್ಬಿ, 350 ರೂಪಾಯಿ. ಒತ್ತಾಗಿ ನೇಯ್ದ ಬಿಳಿ ಹತ್ತಿ ಬಟ್ಟೆಯ ಚೀಲ. ಟೈಲರ್ ಹತ್ತಿರ ನಾಲ್ಕು ಹೊಲಿಸಿದೆ, ಬಟ್ಟೆ ಸೇರಿ 150 ಆಯಿತು. ಚೀಲ ಡಬ್ಬಿಯಷ್ಟೇ ಅಗಲ ಇರಲಿ, ಪುಡಿಗೆ ಓಡಾಡಲು ಜಾಗ ಬೇಕು. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ. ನಾನು ಮೊದಲ ಸಲ ಬರೀ ತೊಳೆದು ಹಾಕಿದ್ದೆ, ಕಾಫಿ ಹೊಸ ಲುಂಗಿಯ ವಾಸನೆ ಬಂತು. ಎರಡು ಮೂರು ಸಲ ಕುದಿಸಿ ನೀರು ಚೆಲ್ಲಬೇಕು. ಸೋಪು ಮುಟ್ಟಿಸಲೇಬಾರದು. ಒಣಗಿಸಲೂಬಾರದು, ಒಣಗಿದರೆ ಬಟ್ಟೆಯಲ್ಲಿ ಕೂತ ಕಾಫಿ ಎಣ್ಣೆ ಕಮಟು ಹಿಡಿಯುತ್ತದೆ. ಸಣ್ಣ ಡಬ್ಬಿಯಲ್ಲಿ ನೀರು ತುಂಬಿ ಅದರಲ್ಲಿ ಮುಳುಗಿಸಿ ಫ್ರಿಜ್‌ನಲ್ಲಿಡಿ, ದಿನಾ ನೀರು ಬದಲಾಯಿಸಿ. ಒಂದು ಚೀಲ ನನಗೆ ಎರಡೂವರೆ ಮೂರು ತಿಂಗಳು ಬರುತ್ತದೆ.

150 ಗ್ರಾಂ ಪುಡಿಗೆ 900 ಎಂಎಲ್ ನೀರು. ಕೈಗೆ ಬರುವುದು 600ರ ಹತ್ತಿರ. ಇದು ಹಾಲಿಗೆ ಹಿಡಿಯುವ ಹದ. ಬರೀ ಕಪ್ಪು ಕಾಫಿ ಕುಡಿಯುವ ಮನೆಗೆ ಇಷ್ಟು ಗಟ್ಟಿ ಬೇಡ. ನಾದಿನಿ ಜಪಾನಿನ ಹರಿಯೋ ಕಂಪನಿಯ ಮಿಜುದಾಶಿ ಅನ್ನುವ ಕೋಲ್ಡ್ ಬ್ರೂ ಜಾರ್ ಇಟ್ಟುಕೊಂಡಿದ್ದಾಳೆ, ಲೀಟರ್ ನೀರಿಗೆ 80 ಗ್ರಾಂ ಹಾಕುತ್ತಾಳೆ, ಅವಳಿಗೆ ಅದೇ ಸರಿ. ನಮ್ಮ ಮನೆಯಲ್ಲಿ ಹಾಲಿಲ್ಲದೆ ಯಾರೂ ಮುಟ್ಟಲ್ಲ.

ಇನ್ನು ಹೊತ್ತು. ಹೊರಗೆ ಇಡುವುದು, ಫ್ರಿಜ್‌ನಲ್ಲಿ ಇಡುವುದು ಎರಡೂ ನಡೆಯುತ್ತದೆ ಅನ್ನುತ್ತಾರೆ. ತಂಪು ಊರಿನವರಿಗೆ ಸರಿ. ಇಲ್ಲಿ ಬೇಸಿಗೆಯಲ್ಲಿ 38 ಡಿಗ್ರಿ. 14 ಗಂಟೆ ಅಡುಗೆಕಟ್ಟೆ ಮೇಲೆ ಇಟ್ಟ ಒಂದು ಡಬ್ಬಿ ಬೆಳಿಗ್ಗೆ ಮೇಲೆ ನೊರೆ ಕಟ್ಟಿ ಹುಳಿ ವಾಸನೆ ಬಂದಿತ್ತು, ಪೂರಾ ಚೆಲ್ಲಿದೆ. 150 ಗ್ರಾಂ ಒಳ್ಳೆಯ ಪುಡಿ. ಈಗ ಫ್ರಿಜ್‌ನಲ್ಲೇ, 18ರಿಂದ 20 ಗಂಟೆ. ಚೀಲ ಎತ್ತಿ, ಸೌಟಿಗೆ ಕಟ್ಟಿ ಡಬ್ಬಿಯ ಮೇಲೆ ಇಪ್ಪತ್ತು ನಿಮಿಷ ನೇತುಬಿಡುತ್ತೇನೆ. ಹಿಂಡಬೇಡಿ. ಹಿಂಡಿದರೆ ಒಂದು ಲೋಟ ಜಾಸ್ತಿ ಸಿಗುತ್ತದೆ ನಿಜ, ಆದರೆ ಗಸಿ ಇಳಿದು ಉಳಿದ ಐದು ಲೋಟವೂ ಕೆಡುತ್ತದೆ.

ಚಿಕೋರಿ ಹಾಕಿಯೂ ನೋಡಿದೆ, ಅತ್ತೆಯ ಒತ್ತಾಯಕ್ಕೆ. ಚಿಕೋರಿ ತಣ್ಣೀರಲ್ಲಿ ಬಲುಬೇಗ ಕರಗುತ್ತದೆ. ಬಣ್ಣ ಕಡುಕಪ್ಪು, ನೋಡಿದರೆ ಏನು ಗಟ್ಟಿ ಅನಿಸಬೇಕು. ಬಾಯಿಗಿಟ್ಟರೆ ಕಾಫಿ ಹಿಂದೆ ಉಳಿದು ಚಿಕೋರಿ ಮಾತ್ರ ಮುಂದೆ. ಚೀಲದ ಬಟ್ಟೆಯ ಕಣ್ಣೂ ಕಟ್ಟಿತು, ತೊಟ್ಟಿಕ್ಕಲು ಒಂದು ಗಂಟೆ. ಅತ್ತೆಯ ಬಿಸಿ ಕಾಫಿಗೆ ಚಿಕೋರಿ ಇದ್ದೇ ಇದೆ, ಇದಕ್ಕೆ ಬೇಡ ಅಂತ ಅವರೂ ಒಪ್ಪಿದರು. ಹಿತ್ತಾಳೆ ಫಿಲ್ಟರ್‌ಗೇ ತಣ್ಣೀರು ಹಾಕಿ ರಾತ್ರಿ ಬಿಟ್ಟದ್ದೂ ಉಂಟು. ನುಣ್ಣನೆ ಪುಡಿ ತೂತು ಮುಚ್ಚಿತು, ಬೆಳಿಗ್ಗೆ ಕೆಳಗೆ ನಾಲ್ಕು ಚಮಚ. ದಪ್ಪ ಪುಡಿ ಹಾಕಿದರೆ ಹತ್ತು ನಿಮಿಷದಲ್ಲಿ ಎಲ್ಲ ಕೆಳಗೆ.

ನೀರಿನ ಪ್ರಯೋಗ ಮಾತ್ರ ಎಲ್ಲರೂ ಒಮ್ಮೆ ಮಾಡಿ. ಒಂದೇ ಪುಡಿ, ಒಂದೇ ದಿನ, ಮೂರು ಲೋಟದಲ್ಲಿ ನೆನೆಹಾಕಿದೆ: ಬೋರ್‌ವೆಲ್ ನೀರು, ನಲ್ಲಿಯ ಹೊಳೆ ನೀರು, ಆರ್‌ಒ ನೀರು. ಬೋರ್‌ವೆಲ್‌ನದು ಸಪ್ಪೆ, ಅರೇಬಿಕಾ ಜಾತಿಯ ಕಾಫಿಯ ಆ ಸಣ್ಣ ಹುಳಿ ಪೂರಾ ಮಾಯ. ಆರ್‌ಒದು ಚೂಪು, ಆದರೆ ಟೊಳ್ಳು. ಕುದಿಸಿ ಆರಿಸಿದ ಹೊಳೆ ನೀರೇ ಗೆದ್ದಿತು.

ಬೀಜ ಚಿಕ್ಕಪ್ಪನ ತೋಟದ್ದು. ಪಲ್ಪರ್ ಯಂತ್ರದಲ್ಲಿ ಹಣ್ಣಿನ ಸಿಪ್ಪೆ ತೆಗೆದು ತೊಳೆದ ಅರೇಬಿಕಾ (ಪಾರ್ಚ್‌ಮೆಂಟ್ ಅನ್ನುತ್ತಾರೆ) ಹೆಚ್ಚು, ಹಣ್ಣಾಗಿಯೇ ಒಣಗಿಸಿದ ರೋಬಸ್ಟಾ ಜಾತಿಯದು (ಚೆರಿ) ಸ್ವಲ್ಪ. ರೋಬಸ್ಟಾ ಇಲ್ಲದಿದ್ದರೆ ಹಾಲಿನಲ್ಲಿ ರುಚಿ ಮುಳುಗಿಹೋಗುತ್ತದೆ. ಎಷ್ಟಕ್ಕೆ ಎಷ್ಟು ಅನ್ನುವುದು ನನ್ನ ಹತ್ತಿರವೇ ಇರಲಿ. ಚೀಲ ಮುಳುಗಿಸುವ ಮೊದಲಿನ ಹತ್ತು ನಿಮಿಷ ಪುಡಿಗೆ ಏನು ಮಾಡುತ್ತೇನೆ ಅನ್ನುವುದನ್ನೂ ನಾದಿನಿಗೇ ಇನ್ನೂ ಹೇಳಿಲ್ಲ.

ಪುಡಿಗೆ ಕಿಲೋ 1,000 ಅಂತ ಪೇಟೆ ಬೆಲೆ ಹಿಡಿದರೂ, ಹಾಲು ಬೆಲ್ಲ ಸೇರಿ ಲೋಟಕ್ಕೆ 30 ದಾಟಲ್ಲ. ಬೆಂಗಳೂರಿನ ಕೆಫೆಯಲ್ಲಿ ಮಗಳು ಇದಕ್ಕೆ 250 ಕೊಟ್ಟು ಬಂದಳು, "ಅಮ್ಮಾ, ನಿಂದೇ ಚೆನ್ನಾಗಿದೆ" ಅಂದಳು. ಅವಳು ಸುಮ್ನೆ ಹೊಗಳುವವಳಲ್ಲ.

ಅಂಗಡಿಯದೇ ಪಾತ್ರೆ ಬೇಕು ಅನ್ನುವವರು ಕೊಳ್ಳುವ ಮುಂಚೆ ಮುಷ್ಟಿ ಒಳಗೆ ಹೋಗುತ್ತದಾ ನೋಡಿ. ಜಾಲರಿಯ ತಳದಲ್ಲಿ ಹೊಲಿಗೆ ಇದ್ದರೆ ಬಿಡಿ. ಬರೆದಿರುವ ಅಳತೆಯಲ್ಲಿ ಮೂರನೇ ಒಂದು ಭಾಗ ಕಳೆದು ಲೆಕ್ಕ ಹಾಕಿ. ಫ್ರಿಜ್‌ನ ಬಾಗಿಲಲ್ಲಿ ನಿಲ್ಲುವ ಎತ್ತರ ಟೇಪು ಹಿಡಿದು ಅಳೆದುಕೊಂಡು ಹೋಗಿ, ನಾನು ಅಳೆಯದೆ ಮೊದಲ ಜಾರ್ ತಂದು ಫ್ರಿಜ್ ಒಳಗಿನ ಒಂದು ತಟ್ಟೆ ತೆಗೆದು ಇಡಬೇಕಾಯಿತು.

ಚಿಕ್ಕಪ್ಪ ಹೊರಡುವಾಗ ಒಂದು ಚೀಲ ಕೇಳಿ ತೆಗೆದುಕೊಂಡು ಹೋದರು. ಕುದಿಸಿದ್ದನ್ನೇ ಕೊಟ್ಟೆ, ನೀರಿನ ಡಬ್ಬಿ ಸಮೇತ.