ಅಳತೆ ಪುಸ್ತಕದಲ್ಲಿ ನನ್ನ ಕಾಲು

ರಾಜಾಜಿನಗರದಲ್ಲಿ 31 ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಬಿಪಿ ಬಂದು ಒಂಬತ್ತು ವರ್ಷ ಆಯಿತು. ಕಾಲು ಊದಿಕೊಳ್ಳುವುದಕ್ಕೆ ಬಿಪಿ ಮಾತ್ರೆಯೇ ಕಾರಣ ಇರಬಹುದು ಅಂತ ನಾನು ಹೇಳಿದಾಗ ಮನೆಯಲ್ಲಿ ಒಬ್ಬರೂ ಒಪ್ಪಲಿಲ್ಲ. ಕಿಡ್ನಿ ಹೋಗಿದೆ ಎಂದಳು ನನ್ನ ಓರಗಿತ್ತಿ. ವಯಸ್ಸಾಯಿತು ಅಂದರು ಯಜಮಾನರು. ಇಂಚು ಟೇಪಿನಲ್ಲಿ ಕಾಲು ಅಳೆಯಲು ಶುರು ಮಾಡಿದಾಗಲಂತೂ ಮಗ, "ಅಮ್ಮಾ, ಟೇಪಲ್ಲಿ ಕಾಯಿಲೆ ಕಂಡುಹಿಡಿಯೋಕಾಗುತ್ತಾ?" ಎಂದ. ಕಾಲಿನ ಊತ ಇಳಿದು ಈಗ ವರ್ಷ ದಾಟಿತು. ಒಂದು ಬೇಸಿಗೆ, ಒಂದು ಶ್ರಾವಣ ಎರಡನ್ನೂ ನೋಡಿದ್ದಾಯಿತು. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಇದು ಬಿಪಿ ಮಾತ್ರೆ ನುಂಗುವವರಿಗೆ, ಮನೆಯಲ್ಲಿ ಬಿಪಿ ಮಷೀನ್ ಇಟ್ಟುಕೊಂಡವರಿಗೆ. ಪಟ್ಟಿ ಹೇಗೆ ಕಟ್ಟಬೇಕು, ಯಾವಾಗ ನೋಡಬೇಕು ಅನ್ನುವುದೆಲ್ಲ ನಿಮಗೆ ಗೊತ್ತೇ ಇದೆ.

ಶುರುವಾಗಿದ್ದು 2024ರ ಶ್ರಾವಣದಲ್ಲಿ. ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚಿನ ಹದಿನೈದು ದಿನ ನಮ್ಮ ಕಸುಬಿನವರಿಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ದಿನಕ್ಕೆ ಹನ್ನೆರಡು ಗಂಟೆ ಮಷೀನ್ ಮುಂದೆ. ರಾತ್ರಿ ಚಪ್ಪಲಿ ಬಿಟ್ಟರೆ ಪಟ್ಟಿಯ ಗುರುತು ಪಾದದ ಮೇಲೆ ಹಾಗೇ ಕೂತಿರುತ್ತಿತ್ತು. ಹೆಬ್ಬೆರಳಲ್ಲಿ ಒತ್ತಿದರೆ ಕುಳಿ ಬೀಳುತ್ತಿತ್ತು, ತುಂಬಿಕೊಳ್ಳಲು ಅರ್ಧ ನಿಮಿಷ ಬೇಕಾಗುತ್ತಿತ್ತು. ಗಣೇಶನ ಹಬ್ಬದ ಹೊತ್ತಿಗೆ ಬಲಗಾಲಿನ ಕಾಲುಂಗುರ ಎಷ್ಟು ಬಿಗಿಯಾಯಿತೆಂದರೆ ಅಕ್ಕಸಾಲಿಗರ ಹತ್ತಿರ ಹೋಗಿ ಕತ್ತರಿಸಿ ತೆಗೆಸಬೇಕಾಯಿತು. ಮದುವೆಯಲ್ಲಿ ಹಾಕಿದ್ದು. ಅವತ್ತು ತುಂಬಾ ಬೇಜಾರಾಯಿತು.

ಮೊದಲು ಹೋದ ಡಾಕ್ಟರು, "ಕೂತು ಮಾಡೋ ಕೆಲಸ ಅಲ್ವಾಮ್ಮ" ಎಂದು ಕಳಿಸಿದರು. ಎರಡನೆಯವರು ಪರೀಕ್ಷೆ ಬರೆದುಕೊಟ್ಟರು. ಕಿಡ್ನಿ ನೋಡುವ ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್, ಲಿವರ್, ಥೈರಾಯ್ಡ್ ಎಲ್ಲ ಸೇರಿ ಸುಮಾರು 2,600 ರೂಪಾಯಿ. ಹೃದಯದ ಸ್ಕ್ಯಾನ್, ಎಕೋ ಅನ್ನುವುದು, 1,900 ಇರಬೇಕು. ಕಾಲಿನ ರಕ್ತನಾಳ ನೋಡುವ ಡಾಪ್ಲರ್ ಸ್ಕ್ಯಾನ್ ಇನ್ನೊಂದು ಎರಡೂವರೆ ಸಾವಿರ. ಎಲ್ಲವೂ ಸರಿಯಾಗಿಯೇ ಬಂತು. ಈ ದುಡ್ಡು ಮಾತ್ರ ದಂಡ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಹೃದಯ, ಕಿಡ್ನಿ, ಲಿವರ್ ಚೆನ್ನಾಗಿದೆ ಎಂದು ಗೊತ್ತಾಗದೆ ಮಾತ್ರೆಯನ್ನು ದೂರುವ ಹಾಗಿಲ್ಲ.

ದಂಡವಾಗಿದ್ದು ಆಮೇಲಿನದು. ಅದೇ ಡಾಕ್ಟರು ನೀರು ಇಳಿಸುವ ಮಾತ್ರೆ ಕೊಟ್ಟರು, ಫ್ಯೂರೊಸಿಮೈಡ್. ಬೆಳಗ್ಗೆ ನುಂಗಿದರೆ ಮಧ್ಯಾಹ್ನದೊಳಗೆ ಏಳೆಂಟು ಸಲ ಬಚ್ಚಲಿಗೆ. ಒಂದು ತೋಳು ಕೂರಿಸುವಷ್ಟರಲ್ಲಿ ಎರಡು ಸಲ ಏಳಬೇಕು. ಗಿರಾಕಿಗಳು ಕಾಯುತ್ತಾರೆ. ರಾತ್ರಿ ಮೀನಖಂಡ ಹಿಡಿದುಕೊಂಡು ಎಚ್ಚರ ಆಗುತ್ತಿತ್ತು. ಮೂರು ವಾರದ ನಂತರ ರಕ್ತ ಪರೀಕ್ಷೆ ಮಾಡಿಸಿದರೆ ಪೊಟ್ಯಾಸಿಯಂ 3.1ಕ್ಕೆ ಇಳಿದಿತ್ತು. ಅದಕ್ಕೆ ಇನ್ನೊಂದು ಸಿರಪ್. ಒಂದು ಮಾತ್ರೆಯ ತೊಂದರೆಗೆ ಎರಡನೆಯದು, ಎರಡನೆಯದರ ತೊಂದರೆಗೆ ಮೂರನೆಯದು. ಕಾಲು ನೋಡಿದರೆ ಹಾಗೇ ಇದೆ! ಆ ತಿಂಗಳು ಹತ್ತಿರ ಹತ್ತಿರ 40 ಬ್ಲೌಸ್ ವಾಪಸ್ ಕಳಿಸಿದೆ. ಲೈನಿಂಗ್ ಬ್ಲೌಸಿಗೆ 450 ಅಂತ ಲೆಕ್ಕ ಹಾಕಿ, ಎಷ್ಟು ಹೋಯಿತು ಅಂತ ಗೊತ್ತಾಗುತ್ತೆ.

ದೀಪಾವಳಿ ಆದಮೇಲೆ ನಾನು ಮಾಡಬಾರದ ಕೆಲಸ ಮಾಡಿದೆ. ಯಾರಿಗೂ ಹೇಳದೆ ನನ್ನ ಬಿಪಿ ಮಾತ್ರೆ ಅಮ್ಲೋಡಿಪಿನ್ ನಿಲ್ಲಿಸಿದೆ. ಮೊದಲ ಮೂರು ದಿನ ಬಿಪಿ ಏರಲಿಲ್ಲ. ಮಾತ್ರೆಯೇ ಬೇಡವಾಗಿತ್ತು ಅಂದುಕೊಂಡು ಖುಷಿಪಟ್ಟೆ. ಆರನೇ ದಿನ ತಲೆನೋವು. ಮಷೀನ್ 176/102 ತೋರಿಸಿತು. ಮಾತ್ರೆ ಮತ್ತೆ ಶುರು ಮಾಡಿದೆ. ಅಮ್ಲೋಡಿಪಿನ್ ಮೈಯಲ್ಲಿ ತುಂಬಾ ಹೊತ್ತು ಉಳಿಯುತ್ತದೆ, ಅರ್ಧ ಕರಗಲು 30ರಿಂದ 50 ಗಂಟೆ ಬೇಕು ಅಂತ ಆಮೇಲೆ ತಿಳಿಯಿತು. ಅಂದರೆ ನಿಲ್ಲಿಸಿದ ಎರಡು ಮೂರು ದಿನಕ್ಕೆ ಬಿಪಿಯೂ ಸರಿಯಾಗಿ ಗೊತ್ತಾಗುವುದಿಲ್ಲ, ಊತವೂ ಗೊತ್ತಾಗುವುದಿಲ್ಲ. ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ಆ ರಾತ್ರಿ ನಾನು ಪಟ್ಟ ಭಯ ನಿಮಗೆ ಬೇಡ.

ಅಳತೆ ಹೊಳೆದದ್ದು ಡಿಸೆಂಬರಿನಲ್ಲಿ. ಧನುರ್ಮಾಸ ಬಂತು, ಮದುವೆ ಇಲ್ಲ, ಕೆಲಸ ಅರ್ಧಕ್ಕಿಂತ ಕಡಿಮೆ. ಕೂರುವುದು ದಿನಕ್ಕೆ ಐದು ಗಂಟೆ ಅಷ್ಟೇ. ಆದರೂ ಕಾಲು ಇಳಿಯಲಿಲ್ಲ. ಹಾಗಾದರೆ ಕೂರುವುದೇ ಕಾರಣ ಹೇಗಾಗುತ್ತೆ? ಹಳೆ ಆರ್ಡರ್ ಪುಸ್ತಕ ತಿರುವಿ ಹಾಕಿದೆ. ಆಷಾಢದಲ್ಲಿ ಕೆಲಸ ಇಲ್ಲ ಅಂತ ಡಾಕ್ಟರ್ ಹತ್ತಿರ ಹೋಗಿದ್ದೆ. ಬಿಪಿ ಜಾಸ್ತಿ ಇತ್ತು, ಅಮ್ಲೋಡಿಪಿನ್ 5 ಮಿಲಿಗ್ರಾಂ ಇದ್ದದ್ದನ್ನು 10 ಮಾಡಿದ್ದರು. ಅದಾಗಿ ಮೂರು ನಾಲ್ಕು ವಾರಕ್ಕೇ ಶ್ರಾವಣದ ಕೆಲಸ ಶುರು. ಎರಡೂ ಒಟ್ಟಿಗೆ ಬಂದಿದ್ದರಿಂದ ಎಲ್ಲರೂ ಕೆಲಸವನ್ನೇ ಬೈದರು.

ಗಿರಾಕಿಗಳ ಅಳತೆ ಪುಸ್ತಕದಲ್ಲೇ ಕೊನೆಯ ಹತ್ತು ಪುಟ ನನ್ನ ಕಾಲಿಗೆ ಇಟ್ಟುಕೊಂಡೆ. ಮೊದಲ ಎರಡು ವಾರದ ಅಳತೆ ಪೂರ್ತಿ ಹಾಳು. ಕಾರಣ ನನ್ನ ಹಳೆ ಟೇಪ್. ವರ್ಷಗಟ್ಟಲೆ ಎಳೆದೂ ಎಳೆದೂ ಹಿಗ್ಗಿತ್ತು. ಕಬ್ಬಿಣದ ಸ್ಕೇಲಿನ ಪಕ್ಕ ಇಟ್ಟರೆ ಅಡಿಗೆ ಕಾಲಿಂಚು ವ್ಯತ್ಯಾಸ. ಚಿಕ್ಕಪೇಟೆಗೆ ಹೋದಾಗ 30 ರೂಪಾಯಿಯ ಹೊಸ ಟೇಪ್ ತಂದೆ. ಇನ್ನೊಂದು ತಪ್ಪು, ದಿನಾ ಬೇರೆ ಬೇರೆ ಜಾಗದಲ್ಲಿ ಅಳೆದದ್ದು. ಚಾಕ್ ಗುರುತು ಸ್ನಾನಕ್ಕೆ ಹೋಗುತ್ತೆ. ಬಲಗಾಲಲ್ಲಿ ಒಂದು ಮಚ್ಚೆ ಇದೆ, ಗಿಣ್ಣಿಂದ ನಾಲ್ಕು ಬೆರಳು ಮೇಲೆ. ಅದನ್ನೇ ಗುರುತು ಮಾಡಿಕೊಂಡೆ. ಎಡಗಾಲಿಗೂ ಅದೇ ಎತ್ತರ. ಟೇಪ್ ಚರ್ಮಕ್ಕೆ ತಾಗಬೇಕು, ಒತ್ತಬಾರದು. ಬೆಳಗ್ಗೆ ಹಾಸಿಗೆಯಿಂದ ಇಳಿಯುವ ಮುಂಚೆ ಒಂದು, ರಾತ್ರಿ ಊಟಕ್ಕೆ ಮುಂಚೆ ಒಂದು. ಪಕ್ಕದಲ್ಲೇ ಬಿಪಿ, ಎಷ್ಟು ಗಂಟೆ ಕೂತೆ, ಏನು ಬದಲಾಯಿಸಿದೆ, ಎಲ್ಲ ಬರೆಯುವುದು.

10ರ ಮಾತ್ರೆ ನಡೆಯುತ್ತಿದ್ದಾಗ ಬೆಳಗ್ಗೆ 9 ಇಂಚು, ರಾತ್ರಿ 9 ಮುಕ್ಕಾಲು. ಎರಡೂ ಕಾಲು ಹೆಚ್ಚುಕಡಿಮೆ ಸಮ. ಸಮ ಅನ್ನುವುದು ಮುಖ್ಯ. ನನ್ನ ಗಿರಾಕಿಯೊಬ್ಬರಿಗೆ ಎಡಗಾಲು ಮಾತ್ರ ಊದಿತ್ತು, ಬಿಸಿ ಇತ್ತು, ನೋವೂ ಇತ್ತು. ನನ್ನ ಹಾಗೇ ಅಳೆದುಕೊಂಡು ಕೂರುತ್ತೇನೆ ಎಂದರು. ನಾನು ಬಿಡಲಿಲ್ಲ, ಆಟೋ ಹತ್ತಿಸಿ ಆಸ್ಪತ್ರೆಗೆ ಕಳಿಸಿದೆ. ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಒಂದೇ ಕಾಲು ಊದಿದರೆ, ಮಲಗಿದರೆ ಉಸಿರು ಕಟ್ಟಿದರೆ, ಮುಖ ಊದಿದರೆ ಟೇಪ್ ಪಕ್ಕಕ್ಕಿಟ್ಟು ಹೊರಡಿ.

ಡಾಕ್ಟರ್ ಹತ್ತಿರ ಹೋಗುವ ಮುಂಚೆ ಒಂದಷ್ಟು ಪ್ರಯೋಗ ಮಾಡಿದೆ. ಉಪ್ಪಿನಕಾಯಿ, ಹಪ್ಪಳ ಪೂರ್ತಿ ಬಿಟ್ಟೆ. ಬಿಪಿ ಐದಾರು ಇಳಿಯಿತು, ಕಾಲಿಗೆ ಏನೂ ಆಗಲಿಲ್ಲ. ಹುರುಳಿಕಟ್ಟು, ಬಾರ್ಲಿ ನೀರು ವಾರಗಟ್ಟಲೆ ಕುಡಿದೆ, ಏನೂ ಇಲ್ಲ. ಮಂಚದ ಕಾಲಿನ ಕಡೆ ಎರಡೆರಡು ಇಟ್ಟಿಗೆ ಕೊಟ್ಟೆ. ಬೆಳಗಿನ ಅಳತೆ ಕಾಲಿಂಚು ಇಳಿಯಿತು, ಆದರೆ ಯಜಮಾನರಿಗೆ ರಾತ್ರಿಯೆಲ್ಲ ಎದೆಯುರಿ. ಇಟ್ಟಿಗೆ ತೆಗೆದು, ನನ್ನ ಕಾಲ ಕೆಳಗೆ ಮಾತ್ರ ಎರಡು ದಿಂಬು ಇಟ್ಟುಕೊಂಡೆ.

ಒಂದು ಪ್ರಯೋಗ ಮಾತ್ರ ನನಗೇ ಆಶ್ಚರ್ಯ ತಂದಿತು. 2018ರಲ್ಲಿ ನನ್ನ ಉಷಾ ಮಷೀನಿಗೆ ಮೋಟಾರ್ ಹಾಕಿಸಿದ್ದೆ. ಅಲ್ಲಿಯವರೆಗೆ ಕಾಲಲ್ಲೇ ತುಳಿಯುತ್ತಿದ್ದೆ. ಒಂದು ವಾರ ಮೋಟಾರ್ ಬೆಲ್ಟ್ ಬಿಚ್ಚಿ ದಿನಕ್ಕೆ ಎರಡು ಗಂಟೆ ತುಳಿದೆ. ರಾತ್ರಿ ಅಳತೆ ಕಾಲಿಂಚು ಕಡಿಮೆ! ಮತ್ತೆ ಮೋಟಾರ್ ಹಾಕಿದೆ, ಮತ್ತೆ ಏರಿತು. ಮೂರು ಸಲ ಹೀಗೆ ನೋಡಿದೆ. ಪಾದ ಆಡಿದರೆ ಮೀನಖಂಡ ರಕ್ತವನ್ನು ಮೇಲಕ್ಕೆ ತಳ್ಳುತ್ತೆ ಅಲ್ವಾ, ಅದರ ಕೆಲಸ. ನೈಟಿ, ಪೆಟಿಕೋಟ್ ಎಲ್ಲ ಈಗಲೂ ಕಾಲಲ್ಲೇ ತುಳಿದು ಹೊಲಿಯುತ್ತೇನೆ. ಆದರೆ ಇಷ್ಟೆಲ್ಲ ಸೇರಿಸಿದರೂ ಹೋದದ್ದು ಅರ್ಧ ಇಂಚಿನೊಳಗೆ. ಉಳಿದದ್ದು ಮಾತ್ರೆಯದು ಅನ್ನುವುದು ಅಲ್ಲಿಗೆ ನನಗೆ ಖಾತ್ರಿಯಾಯಿತು.

ಕಾಲುಚೀಲದ ಕಥೆಯೂ ಹೇಳಬೇಕು. ಬಿಗಿ ಸ್ಟಾಕಿಂಗ್ ಮೊದಲು 850ಕ್ಕೆ ತಂದೆ. ಅಂಗಡಿಯಲ್ಲಿ ಸಾಯಂಕಾಲ ಊದಿದ ಕಾಲಿಗೆ ಅಳತೆ ಕೊಟ್ಟಿದ್ದೆ, ಬೆಳಗ್ಗೆ ಹಾಕಿದರೆ ಸಡಿಲ. ಅಳತೆಯಲ್ಲೇ ಜೀವನ ಮಾಡುವವಳು ನಾನು, ಅದು ತಿಳಿಯಬೇಕಿತ್ತು. ಎರಡನೇ ಜೋಡಿ 2,200, ಬೆಳಗಿನ ಅಳತೆಗೆ. ಅದು ಸರಿಯಾಯಿತು. ಸಕ್ಕರೆ ಕಾಯಿಲೆ ಇರುವವರು, ಪಾದದಲ್ಲಿ ರಕ್ತ ಸರಿಯಾಗಿ ಓಡದವರು ಡಾಕ್ಟರನ್ನು ಕೇಳದೆ ಹಾಕಬೇಡಿ. ಅದನ್ನು ಏರಿಸುವುದೇ ಕಷ್ಟ, ಬೆರಳು ನೋಯುತ್ತೆ. ನಾನು ಜಾರುವ ಲೈನಿಂಗ್ ಬಟ್ಟೆಯಲ್ಲಿ ಒಂದು ಚೀಲ ಹೊಲಿದುಕೊಂಡಿದ್ದೇನೆ, ಹಿಮ್ಮಡಿ ದಾಟುವುದು ಗೊತ್ತೇ ಆಗುವುದಿಲ್ಲ. ಅದರ ಕಟಿಂಗ್ ಇಲ್ಲಿ ಬರೆಯುವುದಿಲ್ಲ. ಜೋಡಿಗೆ 60 ರೂಪಾಯಿಗೆ ಹೊಲಿದು ಕೊಡುತ್ತಿದ್ದೇನೆ, ಬೇಕಾದವರು ಅಂಗಡಿಗೆ ಬನ್ನಿ.

2025ರ ಜನವರಿಯಲ್ಲಿ, ಸಂಕ್ರಾಂತಿ ಆದಮೇಲೆ, ಪುಸ್ತಕ ತಗೊಂಡು ಮೂರನೇ ಡಾಕ್ಟರ್ ಹತ್ತಿರ ಹೋದೆ. ಅವರು ಪುಟ ಪುಟ ತಿರುವಿದರು. "ಅಮ್ಮಾ, ಇಷ್ಟು ಸರಿಯಾಗಿ ಯಾರೂ ಬರ್ಕೊಂಡು ಬರಲ್ಲ" ಎಂದು ಫೋಟೋ ತೆಗೆದುಕೊಂಡರು. ಆಮೇಲೆ ಎರಡೇ ಮಾತಲ್ಲಿ ಹೇಳಿದರು: ಈ ಮಾತ್ರೆ ರಕ್ತ ತರುವ ಸಣ್ಣ ನಾಳಗಳನ್ನು ಹಿಗ್ಗಿಸುತ್ತೆ, ವಾಪಸ್ ಒಯ್ಯುವವನ್ನು ಅಷ್ಟು ಹಿಗ್ಗಿಸಲ್ಲ, ಮಧ್ಯೆ ನೀರು ಜಿನುಗುತ್ತೆ. ಮೈಯಲ್ಲಿ ನೀರು ಜಾಸ್ತಿಯಾಗಿ ಬಂದ ಊತ ಅಲ್ಲ, ಅದಕ್ಕೇ ನೀರಿನ ಮಾತ್ರೆಗೆ ಬಗ್ಗಲಿಲ್ಲ. ಡೋಸ್ ಏರಿದಷ್ಟೂ ಇದು ಜಾಸ್ತಿ, ಹೆಂಗಸರಲ್ಲಿ ಇನ್ನೂ ಜಾಸ್ತಿಯಂತೆ.

ಮೊದಲು ನೀರಿನ ಮಾತ್ರೆ, ಸಿರಪ್ ಎರಡನ್ನೂ ನಿಲ್ಲಿಸಿದರು. ಅಮ್ಲೋಡಿಪಿನ್ ಇಳಿಸಿ ಟೆಲ್ಮಿಸಾರ್ಟಾನ್ ಅನ್ನುವ ಬೇರೆ ಬಿಪಿ ಮಾತ್ರೆ ಸೇರಿಸಿದರು. ರಾತ್ರಿ ಅಳತೆ ಮೂರು ವಾರಕ್ಕೆ ಒಂಬತ್ತೂಕಾಲು ಇಂಚು. ಇನ್ನೂ ಸ್ವಲ್ಪ ಇತ್ತು. ಆಗ ಅಮ್ಲೋಡಿಪಿನ್ ಪೂರ್ತಿ ತೆಗೆದು ಸಿಲ್ನಿಡಿಪಿನ್ ಕೊಟ್ಟರು. ಅದೂ ಅದೇ ಜಾತಿಯ ಮಾತ್ರೆ, ಆದರೆ ಕಾಲು ಊದಿಸುವುದು ಕಡಿಮೆ. ಹನ್ನೆರಡು ಹದಿಮೂರು ದಿನಕ್ಕೆ ರಾತ್ರಿ 8 ಮುಕ್ಕಾಲು, ಬೆಳಗ್ಗೆ ಎಂಟೂವರೆ. ಬಿಪಿ 130ರ ಆಚೆ ಈಚೆ. ನನ್ನ ಡೋಸ್ ಎಷ್ಟು ಅಂತ ಬೇಕೆಂದೇ ಬರೆಯುತ್ತಿಲ್ಲ. ನಿಮ್ಮದು ನಿಮ್ಮ ಡಾಕ್ಟರೇ ಹೇಳಬೇಕು. ಟೆಲ್ಮಿಸಾರ್ಟಾನ್ ತಗೊಂಡರೆ ಪೊಟ್ಯಾಸಿಯಂ, ಕ್ರಿಯಾಟಿನಿನ್ ಆಗಾಗ ನೋಡಿಸಬೇಕು. ನಾನು ಹಿಂದಿನ ಅಭ್ಯಾಸಕ್ಕೆ ದಿನಾ ಎಳನೀರು ಕುಡಿಯುತ್ತಿದ್ದೆ, ಪೊಟ್ಯಾಸಿಯಂ ಏರಬಹುದು ಅಂತ ಅದನ್ನೂ ಕಡಿಮೆ ಮಾಡಿಸಿದರು.

ಸರಿಯಾದ ಮಾತ್ರೆ ಸಿಗುವ ಹೊತ್ತಿಗೆ, ಬಿಟ್ಟ ಕೆಲಸ ಬಿಟ್ಟು, 18-19 ಸಾವಿರ ಕೈಬಿಟ್ಟಿತ್ತು. ಈಗ ಮಾತ್ರೆಗೆ ತಿಂಗಳಿಗೆ 300ರ ಆಸುಪಾಸು. ಒಂದನ್ನು ಜನೌಷಧಿ ಅಂಗಡಿಯಲ್ಲಿ ತರುತ್ತೇನೆ, ಅದರಲ್ಲಿ ಇನ್ನೂ ಉಳಿಯುತ್ತೆ. 2025ರ ಏಪ್ರಿಲ್ ಸೆಕೆಯಲ್ಲಿ ರಾತ್ರಿ ಅಳತೆ 9ಕ್ಕೆ ಹೋಗಿತ್ತು, ಮಳೆ ಬಿದ್ದಮೇಲೆ ತಾನೇ ಇಳಿಯಿತು. ಶ್ರಾವಣದಲ್ಲಿ ಹನ್ನೆರಡು ಗಂಟೆ ಕೂತರೂ 9 ದಾಟಲಿಲ್ಲ. ಕಾಲುಂಗುರ ಹೊಸದು ಮಾಡಿಸಿಕೊಂಡೆ.

ಮಗ ಈಗ ಟೇಪಿನ ಬಗ್ಗೆ ಮಾತಾಡುವುದಿಲ್ಲ. ಅವನ ಅತ್ತೆಗೇ ಒಂದು ಟೇಪ್ ಕಳಿಸಿದ್ದಾನೆ. ಅವರಿಗೆ ನರದ ನೋವಿಗೆ ಪ್ರೆಗಾಬಲಿನ್ ಕೊಡುತ್ತಿದ್ದಾರೆ, ಅದರಿಂದಲೂ ಕಾಲು ಊದುವುದುಂಟು. ಮೂರು ವಾರದ ಅಳತೆ ಬರೆದಿದ್ದಾರೆ, ಬೆಳಗ್ಗೆ 9, ರಾತ್ರಿ ಒಂಬತ್ತೂವರೆ, ಎರಡೂ ಕಾಲು ಸಮ. ಸೋಮವಾರ ಡಾಕ್ಟರ್ ಹತ್ತಿರ ಹೋಗುತ್ತಿದ್ದಾರೆ. ಪುಸ್ತಕ ಹಿಡಿದುಕೊಂಡು ನಾನೂ ಜೊತೆಗೆ ಹೋಗುತ್ತಿದ್ದೇನೆ.